ಒಂದು ಹೆಸರು, ಹಲವು ನಾಲಿಗೆ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿಗೆ ಬಂದಿದ್ದಾರೆ. ಮೊಮ್ಮಗು ಹುಟ್ಟಿದ ಶುಭವಾರ್ತೆಯ ಬೆನ್ನಿಗೇ ಒಂದು ಪ್ರಶ್ನೆಯೂ ನನ್ನ ಬಳಿಗೆ ಬರುವುದುಂಟು. "ಮೇಷ್ಟ್ರೇ, ಕೂಸಿಗೆ ಕೃತಿ ಎಂದು ಹೆಸರಿಡಬೇಕೆಂದಿದ್ದೇವೆ. ನಾವು ಕ್ರುತಿ ಎನ್ನುತ್ತೇವೆ, ಬೀಗರ ಕಡೆಯವರು ಕ್ರಿತಿ ಎನ್ನುತ್ತಾರೆ. ಯಾವುದು ಸರಿ?" ಮತ್ತೊಬ್ಬರು ಪ್ರಜ್ಞಾ ಎಂಬ ಹೆಸರನ್ನು ಮೆಚ್ಚಿಕೊಂಡಿದ್ದಾರೆ. ಆದರೆ ಊರಿನಲ್ಲಿ ಅದು ಪ್ರಗ್ನಾ, ಪುಣೆಯಲ್ಲಿ ಪ್ರದ್ನ್ಯಾ, ದೆಹಲಿಯಲ್ಲಿ ಪ್ರಗ್ಯಾ. ಹತ್ತು ಜನ ಹತ್ತು ಬಗೆಯಲ್ಲಿ ಕರೆದರೆ ಹೆಸರು ಕೆಟ್ಟುಹೋಗುವುದಿಲ್ಲವೆ ಎಂಬ ಆತಂಕ ಈ ಪ್ರಶ್ನೆಗಳ ಹಿಂದೆ ಇದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ನಮಗಿಂತ ಹಿಂದೆ ಹೆಸರುಗಳು ಹೇಗೆ ಬಾಳಿದುವು ಎಂಬುದನ್ನು ಚರಿತ್ರೆಯಿಂದಲೇ ಕೇಳಿ ತಿಳಿಯೋಣ ಎನ್ನಿಸಿತು.

ನಾಮಕರಣದ ದಿನ ತಂದೆಯು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬಂಗಾರದ ಉಂಗುರದಿಂದ ಹೆಸರನ್ನು ಬರೆಯುವುದು, ಬಳಿಕ ಅದನ್ನು ಮಗುವಿನ ಕಿವಿಯಲ್ಲಿ ಉಸುರುವುದು ನಮ್ಮ ಹಲವು ಮನೆಗಳ ಪದ್ಧತಿ. ಮೊದಲನೆಯದು ಬರೆಹ, ಎರಡನೆಯದು ಉಚ್ಚಾರಣೆ. ಅಕ್ಕಿಯ ಮೇಲಿನ ಅಕ್ಷರ ಓದಬಲ್ಲವರಿಗೆಲ್ಲ ಒಂದೇ. ಕಿವಿಗೆ ಬೀಳುವ ದನಿ ಮಾತ್ರ ಹೇಳುವವರ ಊರಿನದು, ಮನೆಯದು, ಅವರ ತಾಯಿ ಆಡಿದ ನುಡಿಯದು. ಇವೆರಡರ ನಡುವಣ ಅಂತರದಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುತ್ತದೆ.

ಈ ಚಿಂತೆ ಹೊಸದೇನೂ ಅಲ್ಲ. ಕ್ರಿ.ಪೂ. 2ನೆಯ ಶತಮಾನದವನೆಂದು ತಿಳಿಯಲಾದ ಪತಂಜಲಿ ತನ್ನ ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ, ವ್ಯಾಕರಣವನ್ನು ಏಕೆ ಕಲಿಯಬೇಕು ಎಂಬುದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತಾನೆ. ಅವುಗಳಲ್ಲಿ ಮೂರು ಹೆಸರಿಗೂ ಉಚ್ಚಾರಣೆಗೂ ಸಂಬಂಧಪಟ್ಟವು. ಮಗನಿಗೆ ಹತ್ತನೆಯ ದಿನ ಕಳೆದ ಮೇಲೆ ಹೆಸರಿಡಬೇಕು, ಆ ಹೆಸರು ಘೋಷಾಕ್ಷರದಿಂದ ಮೊದಲಾಗಬೇಕು, ನಡುವೆ ಯ ರ ಲ ವಗಳಲ್ಲೊಂದು ಇರಬೇಕು, ಅದು ಎರಡು ಅಥವಾ ನಾಲ್ಕು ಅಕ್ಷರಗಳದ್ದಾಗಿರಬೇಕು ಎಂಬುದು ಒಂದು. ಗ, ಜ, ದ, ಬ ಮುಂತಾದ ಘೋಷಾಕ್ಷರಗಳು ಗಂಟಲನ್ನು ನಡುಗಿಸಿ ಹೊರಡುವಂಥವು, ಯ ರ ಲ ವಗಳು ನಾಲಿಗೆಗೆ ತೊಡಕಾಗದೆ ಜಾರುವಂಥವು. ಶಾಸ್ತ್ರದ ಭಾಷೆಯಲ್ಲಿ ಹೇಳಿದರೂ ಅಲ್ಲಿ ಕಿವಿಯ ಹಿತ, ನಾಲಿಗೆಯ ಹಿತ ಎರಡೂ ಇವೆ.

ಎರಡನೆಯದು ಇಂದ್ರಶತ್ರುವಿನ ಕಥೆ. ಇಂದ್ರನನ್ನು ಕೊಲ್ಲಬಲ್ಲ ಮಗನನ್ನು ಬಯಸಿ ತ್ವಷ್ಟೃ ಯಜ್ಞ ಮಾಡುತ್ತಾನೆ. ಮಂತ್ರದಲ್ಲಿ ಇಂದ್ರಶತ್ರು ಎಂಬ ಪದದ ಸ್ವರ ತಪ್ಪುತ್ತದೆ. ಇಂದ್ರನನ್ನು ಕೊಲ್ಲುವವನು ಎಂಬ ಅರ್ಥ ಹೋಗಿ ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂಬ ಅರ್ಥ ಬಂದು, ಹುಟ್ಟಿದ ವೃತ್ರ ಇಂದ್ರನ ಕೈಯಲ್ಲಿಯೇ ಸಾಯುತ್ತಾನೆ. ಅಕ್ಷರ ಒಂದೂ ಬದಲಾಗಿಲ್ಲ, ಬದಲಾದದ್ದು ದನಿಯ ಏರಿಳಿತ ಮಾತ್ರ.

ಮೂರನೆಯದು ಕರೆಯುವ ಬಗೆ. ಕಿರಿಯನು ತನ್ನ ಹೆಸರು ಹೇಳಿ ನಮಸ್ಕರಿಸಿದಾಗ ಹಿರಿಯನು ಹರಸುತ್ತ ಆ ಹೆಸರಿನ ಕೊನೆಯ ಸ್ವರವನ್ನು ಮೂರು ಮಾತ್ರೆಗಳಷ್ಟು ಎಳೆದು ಹೇಳಬೇಕೆಂದು ಪಾಣಿನಿಯ ಸೂತ್ರವಿದೆ. ಇದನ್ನೇ ಪ್ಲುತ ಎನ್ನುವುದು. ದೂರದಲ್ಲಿರುವವರನ್ನು ಕೂಗುವಾಗಲೂ ಪ್ಲುತ ಬರುತ್ತದೆ ಎಂದು ಅದರ ಮುಂದಿನ ಸೂತ್ರವೇ ಹೇಳುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಆಡಲು ಹೋದ ಮಗನನ್ನು "ರಂಗಾ…" ಎಂದು ಕೂಗುವ ನಮ್ಮ ತಾಯಂದಿರು ಪಾಣಿನಿಯನ್ನು ಓದಿದವರಲ್ಲ. ಅಂಥ ತಾಯಂದಿರ ದನಿಯನ್ನು ಕೇಳಿಯೇ ಪಾಣಿನಿ ಸೂತ್ರವನ್ನು ರಚಿಸಿರಬೇಕು.

ಹೆಣ್ಣುಮಕ್ಕಳ ಹೆಸರಿನ ವಿಷಯದಲ್ಲಿ ಮನುಸ್ಮೃತಿಯ ಎರಡನೆಯ ಅಧ್ಯಾಯ ಒಂದು ಒಳ್ಳೆಯ ಪದವನ್ನು ಬಳಸುತ್ತದೆ: ಸುಖೋದ್ಯ. ಸುಖವಾಗಿ ನುಡಿಯಬಹುದಾದದ್ದು ಎಂದರ್ಥ. ಹೆಸರು ಕಠಿಣವಾಗಿರಬಾರದು, ಅರ್ಥ ತಿಳಿಯಾಗಿರಬೇಕು, ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕು ಎಂದೂ ಹೇಳುತ್ತದೆ. ಹೆಸರಿಡುವವರು ಇಂದಿಗೂ ನೆನಪಿಡಬೇಕಾದ ಮಾತುಗಳಿವು.

ಆದರೆ ಅರ್ಧ ಹೇಳಿ ಅರ್ಧ ಬಿಟ್ಟರೆ ಚರಿತ್ರೆಯ ಪಾಠ ಪೂರ್ಣವಾಗುವುದಿಲ್ಲ. ಅದೇ ಅಧ್ಯಾಯದಲ್ಲಿ, ಸುಖೋದ್ಯದ ಮಾತಿಗೆ ತುಸು ಮೊದಲೇ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಬೇಕು ಎಂದಿದೆ. ನಾನು ಮೇಲೆ ಹೇಳಿದ ಪಾಣಿನಿಯ ಸೂತ್ರದಲ್ಲಿಯೂ, ಪ್ರತಿನಮಸ್ಕಾರದಲ್ಲಿ ಹೆಸರನ್ನು ಎಳೆದು ಹೇಳುವ ಆ ಗೌರವ ಶೂದ್ರನನ್ನು ಬಿಟ್ಟು ಉಳಿದವರಿಗೆ ಎಂಬ ನಿಬಂಧನೆ ಸೇರಿದೆ. ಹೆಸರನ್ನು ಹೇಗೆ ನುಡಿಯುತ್ತೇವೆ ಎಂಬುದು ಎಂದೂ ಬರಿಯ ನಾಲಿಗೆಯ ವಿಷಯವಾಗಿರಲಿಲ್ಲ. ಯಾರ ಹೆಸರನ್ನು ಪೂರ್ತಿಯಾಗಿ ನುಡಿಯಬೇಕು, ಯಾರದನ್ನು ಹೇಗೆಂದರೆ ಹಾಗೆ ಕರೆದರೂ ನಡೆಯುತ್ತದೆ ಎಂಬ ಲೆಕ್ಕಾಚಾರವೂ ಅದರೊಳಗೆ ಇತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕಡೆಗೆ ಬರೋಣ.

ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರನ್ನು ನೀವೆಲ್ಲ ಪಾಠದಲ್ಲಿ ಓದಿದ್ದೀರಿ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದುವ ದಾರಿಯನ್ನು ತೋರಿದ ಮೇಲೂ, ಬಂಡೆಗಳ ಮೇಲೆ ಸಿಗುತ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಅವು ಅಶೋಕನವೇ ಎಂದು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಬೇಕಾಗಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡುಹಿಡಿದಾಗ ಅದರಲ್ಲಿ ಬಿರುದಿನ ಜೊತೆಗೆ ರಾಜನ ಹೆಸರೂ ಇತ್ತು. ಇಲ್ಲಿಯವರೆಗೆ ಎಲ್ಲರಿಗೂ ತಿಳಿದದ್ದೇ. ಆದರೆ ಆ ಹೆಸರನ್ನು ಕೆತ್ತಿದ್ದು ಹೇಗೆ ಎಂಬುದನ್ನು ಗಮನಿಸಿದವರು ಕಡಿಮೆ. ಕಲ್ಲಿನ ಮೇಲಿರುವುದು ಅಶೋಕ ಅಲ್ಲ, ಅಸೋಕ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ದೊರೆತ ಶಿಲ್ಪದ ಮೇಲೂ ರಾಯ ಅಸೋಕ ಎಂಬ ಅರ್ಥದ ಪ್ರಾಕೃತ ಬರೆಹವೇ ಇದೆ. ಆ ಪ್ರಾಕೃತದಲ್ಲಿ ಶಕಾರದ ಜಾಗದಲ್ಲಿಯೂ ಸಕಾರವೇ ನಿಲ್ಲುತ್ತಿತ್ತು.

ಅಶೋಕ ಎಂದು ಹೆಸರಿಟ್ಟ ಹುಡುಗನನ್ನು ಅವನ ಹಳ್ಳಿಯ ಅಜ್ಜಿ "ಅಸೋಕ" ಎಂದು ಕರೆದರೆ ಓದಿದವರು ನಗುವುದುಂಟು. ಆ ಅಜ್ಜಿಯ ಉಚ್ಚಾರಣೆ ಇಪ್ಪತ್ತೆರಡು ಶತಮಾನಗಳಷ್ಟು ಹಳೆಯದು, ಅದಕ್ಕೆ ಕಲ್ಲಿನ ಸಾಕ್ಷಿಯಿದೆ. ತನ್ನ ಹೆಸರನ್ನು ಸಕಾರದಲ್ಲಿ ಕೆತ್ತಿಸಿದ ಚಕ್ರವರ್ತಿಗೆ ಅದರಿಂದ ಯಾವ ಕುಂದೂ ಬರಲಿಲ್ಲ.

ಕನ್ನಡಕ್ಕೆ ಬಂದರೆ, ಈ ಬದಲಾವಣೆಗಳಿಗೆ ವ್ಯಾಕರಣದ ಮನ್ನಣೆಯೇ ದೊರೆಯಿತು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣ ಎಂದು ಪ್ರತ್ಯೇಕ ಅಧ್ಯಾಯವನ್ನೇ ಇಟ್ಟು, ಸಂಸ್ಕೃತದ ಪದಗಳು ಕನ್ನಡದ ಬಾಯಲ್ಲಿ ಯಾವ ನಿಯಮದಿಂದ ಬದಲಾಗುತ್ತವೆ ಎಂದು ತೋರಿಸಿದ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ತತ್ಸಮ ತದ್ಭವಗಳ ಪಟ್ಟಿಗೆ ಬೇರು ಅಲ್ಲಿದೆ. ಆ ನಿಯಮಗಳಿಗೆ ಒಳಪಟ್ಟ ಹೆಸರುಗಳನ್ನು ನೋಡಿ. ಹೊಯ್ಸಳ ವಿಷ್ಣುವರ್ಧನನ ಇನ್ನೊಂದು ಹೆಸರು ಬಿಟ್ಟಿದೇವ. ಬಿಟ್ಟಿ ಎಂಬುದು ವಿಷ್ಣು ಎಂಬುದರದೇ ದೇಸಿರೂಪ ಎಂದು ವಿದ್ವಾಂಸರು ಹೇಳುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನನ್ನು ಶಾಸನಗಳು ಕನ್ನರದೇವ ಎಂದು ಕರೆಯುತ್ತವೆ. ರತ್ನ ಎಂಬುದು ರನ್ನ ಆಯಿತು, ಅದೇ ಒಬ್ಬ ಮಹಾಕವಿಯ ಹೆಸರಾಗಿ ನಿಂತಿತು. ವೃಷಭ ಎಂಬುದು ಬಸವ ಆಯಿತು. ಬಸವ ಎಂಬ ಮೂರಕ್ಷರಗಳನ್ನು ಕೇಳಿದಾಗ ಇದು ವೃಷಭದ ಕೆಟ್ಟ ಉಚ್ಚಾರಣೆ ಎಂದು ಯಾರಿಗಾದರೂ ಅನ್ನಿಸುತ್ತದೆಯೆ? ಮೂಲವೇ ಮರೆಯುವಷ್ಟು ಎತ್ತರಕ್ಕೆ ಆ ಹೆಸರು ಬೆಳೆಯಿತು.

ಅಚ್ಚಗನ್ನಡದ ಹೆಸರುಗಳೂ ಹೀಗೆಯೇ ಬದಲಾದುವು. ಹಳಗನ್ನಡದ ಪಕಾರ ಹಕಾರವಾದ ಕಥೆ ನಿಮಗೆ ನೆನಪಿರಬಹುದು: ಪಾಲು ಹಾಲಾಯಿತು, ಪೂ ಹೂವಾಯಿತು, ಪಂಪಾ ಹಂಪೆಯಾಯಿತು. 10ನೆಯ ಶತಮಾನದಲ್ಲಿ ಶಾಂತಿಪುರಾಣ ಬರೆದ ಕವಿ ಪೊನ್ನ, 17ನೆಯ ಶತಮಾನದಲ್ಲಿ ಹದಿಬದೆಯ ಧರ್ಮ ಬರೆದ ಕವಯಿತ್ರಿ ಹೊನ್ನಮ್ಮ. ಇಬ್ಬರ ಹೆಸರಿನಲ್ಲಿರುವುದೂ ಅದೇ ಬಂಗಾರ. ಇಂದು ಹಳೆಯ ಮೈಸೂರಿನ ಹಲವು ಹಳ್ಳಿಗಳಲ್ಲಿ ಹೊನ್ನಮ್ಮ "ಒನ್ನಮ್ಮ" ಆಗುತ್ತಾಳೆ. ಅದನ್ನು ಕೇಳಿ ಅಕಾರ ಹಕಾರದ ಭೇದ ತಿಳಿಯದ ಜನ ಎಂದು ಹೀಯಾಳಿಸುವವರು, ಹೊನ್ನಮ್ಮ ಎಂಬ ರೂಪವನ್ನು ಕೇಳಿದ್ದರೆ ಪೊನ್ನನೂ ಹಾಗೆಯೇ ಹುಬ್ಬುಗಂಟಿಕ್ಕುತ್ತಿದ್ದನು ಎಂಬುದನ್ನು ನೆನೆಯಬೇಕು.

ಒಂದು ರಾಜವಂಶದ ಹೆಸರಂತೂ ನಾಲ್ಕು ನಾಲಿಗೆಗಳಲ್ಲಿ ನಾಲ್ಕು ಬಗೆಯಾಗಿದೆ. ತಮಿಳರದು ಚೋೞ. ಹಳಗನ್ನಡದಲ್ಲಿಯೂ ಇದ್ದ ಈ ೞ ಅಕ್ಷರ ನಮ್ಮ ಬಾಯಿಂದ ಮರೆಯಾದ ಮೇಲೆ ನಮಗೆ ಅದು ಚೋಳ. ತೆಲುಗಿನಲ್ಲಿ ಚೋಡ ಎಂಬ ರೂಪವಿದೆ, ಅಶೋಕನ ಶಾಸನಗಳಲ್ಲಿಯೂ ಇರುವುದು ಅದೇ. ಹಿಂದಿಯವರಿಗೆ ಚೋಲ. ಆದರೂ ಯಾವ ವಂಶದ ಮಾತು ಎಂಬ ವಿಷಯದಲ್ಲಿ ಯಾರಿಗೂ ಗೊಂದಲವಾಗಿಲ್ಲ.

ಈಗ ನೀವು ಕೇಳಿದ ಎರಡು ಅಕ್ಷರಗಳಿಗೆ ಬರೋಣ.

ಮೊದಲು ಋ. ಇದು ಸ್ವರ. ಅ, ಇ, ಉಗಳಂತೆ ಬೇರೆ ಸ್ವರದ ನೆರವಿಲ್ಲದೆ ನಿಲ್ಲಬಲ್ಲದ್ದು. ನಡುವೆ ರೇಫದ ಕಂಪನವಿರುವ ಆ ಶುದ್ಧ ಸ್ವರವನ್ನು ದಿನಬಳಕೆಯಲ್ಲಿ ನುಡಿಯುವವರು ಇಂದು ಯಾವ ಪ್ರಾಂತದಲ್ಲಿಯೂ ಇಲ್ಲವೆಂದೇ ಹೇಳಬೇಕು. ಕನ್ನಡ, ತೆಲುಗು, ಮರಾಠಿ, ಒಡಿಯಾ, ಗುಜರಾತಿಗಳಲ್ಲಿ ಅದು ಬಹುಮಟ್ಟಿಗೆ ರು, ಹಿಂದಿ ಬಂಗಾಳಿಗಳಲ್ಲಿ ರಿ. ಪಾಲಿಯಲ್ಲಿ ಆಗಲೇ ಅದು ಮೂರು ದಾರಿ ಹಿಡಿದಿತ್ತು: ಕೃಷ್ಣ ಕಣ್ಹನಾದ, ಋಷಿ ಇಸಿಯಾದ, ಋತು ಉತುವಾಯಿತು. ಅ, ಇ, ಉ ಮೂರೂ ಬಂದುವು. ನಮ್ಮದು ರು ಎಂದು ಹಟ ಹಿಡಿಯುವ ಕನ್ನಡಿಗರಾದ ನಾವು ಋಷಿಗೆ ಕಟ್ಟಿಕೊಂಡ ತದ್ಭವ ಯಾವುದು? ರಿಸಿ. ಮೃಗಕ್ಕೆ ಮಿಗ. ಕೃಷ್ಣನನ್ನು ಮುದ್ದಿನಿಂದ ಕರೆಯುವುದು ಕಿಟ್ಟ, ಕಿಟ್ಟಪ್ಪ, ಕಿಟ್ಟು. ಇವುಗಳಲ್ಲೆಲ್ಲ ಇಕಾರವೇ ಇದೆ. ಮೇಲೆ ಹೇಳಿದ ಕನ್ನರ, ಬಸವಗಳಲ್ಲಿ ಅಕಾರ. ಇಂದಿಗೂ ಕೃಷ್ಣ ಎಂಬುದನ್ನು ಕ್ರುಷ್ಣ ಎನ್ನುವ ಕನ್ನಡಿಗರೂ ಇದ್ದಾರೆ, ಕ್ರಿಷ್ಣ ಎನ್ನುವವರೂ ಇದ್ದಾರೆ. ಆದ್ದರಿಂದ ಕ್ರುತಿ ಮತ್ತು ಕ್ರಿತಿಗಳಲ್ಲಿ ಯಾವುದು ಸರಿ ಎಂದು ಕೇಳಿದರೆ, ಎರಡೂ ಒಂದು ಮೂಲಸ್ವರದ ಎರಡು ಮಕ್ಕಳು ಎಂಬುದೇ ಚರಿತ್ರೆ ಕೊಡುವ ಉತ್ತರ.

ಇನ್ನು ಜ್ಞ. ಜಕಾರ ಞಕಾರಗಳು ಕೂಡಿದ ಈ ಒತ್ತಕ್ಷರ ನಾಲಿಗೆಗೆ ಸುಲಭವಲ್ಲ. ಕನ್ನಡದಲ್ಲಿ ಅದನ್ನು ಸಾಮಾನ್ಯವಾಗಿ ಗ್ನ ಎನ್ನುತ್ತೇವೆ, ಹಿಂದಿಯಲ್ಲಿ ಗ್ಯ, ಮರಾಠಿಯಲ್ಲಿ ದ್ನ್ಯ. ತಮಿಳು ಮಲಯಾಳಗಳಲ್ಲಿ ಜ್ಞಾನ ಎಂಬುದು ಜಕಾರವನ್ನು ಕಳೆದುಕೊಂಡು ಞಾನಂ ಆಗಿದೆ. 1290ರಲ್ಲಿ ಭಗವದ್ಗೀತೆಗೆ ಮರಾಠಿಯಲ್ಲಿ ಭಾವಾರ್ಥದೀಪಿಕೆಯನ್ನು ರಚಿಸಿದ ಸಂತನನ್ನು ನಾವು ಗ್ನಾನೇಶ್ವರನೆಂದೂ ಅವನ ನಾಡಿನವರು ದ್ನ್ಯಾನೇಶ್ವರನೆಂದೂ ಹಿಂದಿಯವರು ಗ್ಯಾನೇಶ್ವರನೆಂದೂ ಕರೆಯುತ್ತಾರೆ. ನಮ್ಮ ಹಿರಿಯರೂ ಈ ಅಕ್ಷರವನ್ನು ಇದ್ದಂತೆಯೇ ಉಳಿಸಿಕೊಂಡವರಲ್ಲ. ಯಜ್ಞ ಜನ್ನವಾಯಿತು, ಸಂಜ್ಞೆ ಸನ್ನೆಯಾಯಿತು, ಆಜ್ಞೆ ಆಣೆಯಾಯಿತು. ಹೀಗಿರುವಾಗ ಪ್ರಜ್ಞಾ ಎಂಬ ಹೆಣ್ಣುಮಗಳು ಪುಣೆಗೆ ಹೋದಾಗ ಪ್ರದ್ನ್ಯಾ ಎನ್ನಿಸಿಕೊಂಡರೆ, ಅಲ್ಲಿಯವರು ಅವಳನ್ನು ತಮ್ಮ ಮನೆಯ ಮಗಳಂತೆ ಕರೆದರು ಎಂದು ತಿಳಿದರಾಯಿತು.

ಇಲ್ಲಿಯವರೆಗಿನದು ನಾಲಿಗೆಯ ಚರಿತ್ರೆ. ಇನ್ನು ಲಿಪಿಯ ಚರಿತ್ರೆ. ನನ್ನ ಮಟ್ಟಿಗೆ ಹೇಳುವುದಾದರೆ ಈ ಕಾಲದ ತೊಡಕೆಲ್ಲ ಹೆಚ್ಚಾಗಿ ಇಲ್ಲಿದೆ.

ನಮ್ಮ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕು ಎಂಬ ಬಗ್ಗೆ ಸರ್ ವಿಲಿಯಂ ಜೋನ್ಸ್ 1788ರಲ್ಲಿ ಅಚ್ಚಾದ ಏಷಿಯಾಟಿಕ್ ರಿಸರ್ಚಸ್‌ನ ಮೊದಲ ಸಂಪುಟದಲ್ಲಿಯೇ ಪ್ರಬಂಧ ಬರೆದಿದ್ದ. 1894ರಲ್ಲಿ ಜಿನೀವಾದಲ್ಲಿ ಸೇರಿದ ಪ್ರಾಚ್ಯವಿದ್ವಾಂಸರು ಅಕ್ಷರದ ಕೆಳಗೆ ಚುಕ್ಕೆ, ಮೇಲೆ ಗೀಟು ಹಾಕಿ ಋ, ಟ, ಣ, ದೀರ್ಘಸ್ವರಗಳನ್ನೆಲ್ಲ ಸ್ಪಷ್ಟವಾಗಿ ತೋರಿಸುವ ಕ್ರಮಕ್ಕೆ ಒಪ್ಪಿದರು. ಆದರೆ ಆ ಚುಕ್ಕೆ ಗೀಟುಗಳು ಪಂಡಿತರ ಗ್ರಂಥಗಳಲ್ಲಿಯೇ ಉಳಿದುವು. ಕಚೇರಿಯ ಗುಮಾಸ್ತನ ಬೆರಳಚ್ಚಿನ ಯಂತ್ರದಲ್ಲಿ ಅವು ಇರಲಿಲ್ಲ. ಹೀಗಾಗಿ ಇಪ್ಪತ್ತಾರು ಅಕ್ಷರಗಳ ಚಿಕ್ಕ ಚೀಲದಲ್ಲಿ ಐವತ್ತರಷ್ಟು ವರ್ಣಗಳನ್ನು ತುಂಬಬೇಕಾಯಿತು.

ಅದರಿಂದಾದ ಪಾಡನ್ನು ನೋಡಿ. ದಕ್ಷಿಣದವರಾದ ನಾವು ಟಕಾರಕ್ಕೆ ಬರಿಯ ಟಿ ಅಕ್ಷರವನ್ನೂ ತಕಾರಕ್ಕೆ ಟಿ ಮತ್ತು ಎಚ್ ಎರಡನ್ನೂ ಬಳಸುವ ರೂಢಿ ಮಾಡಿಕೊಂಡೆವು. ಉತ್ತರದವರು ಟಕಾರ ತಕಾರ ಎರಡಕ್ಕೂ ಟಿ ಒಂದನ್ನೇ ಬಳಸಿ, ಎಚ್ ಸೇರಿಸುವುದನ್ನು ಮಹಾಪ್ರಾಣಕ್ಕೆ ಮೀಸಲಿಟ್ಟರು. ನಮ್ಮ ಲತಾ ಅವರ ಕಣ್ಣಿಗೆ ಲಥಾ, ಅವರ ಲತಾ ನಮ್ಮ ಕಣ್ಣಿಗೆ ಲಟಾ. ಎರಡೂ ಮನೆಗಳಲ್ಲಿ ಬಳ್ಳಿ ಒಂದೇ, ಹೂವೂ ಒಂದೇ.

ಇನ್ನೊಂದು ತೊಡಕು ಕೊನೆಯ ಅಕಾರದ್ದು. ಕನ್ನಡದ ಪದಗಳಿಗೆ ಸ್ವರದಲ್ಲಿ ನಿಲ್ಲುವುದೇ ಸಹಜ. ಬಸ್ ಬಂದಾಗ ಬಸ್ಸು ಎಂದೆವು, ಕಾರ್ ಬಂದಾಗ ಕಾರು ಎಂದೆವು. ಹಿಂದಿಯಲ್ಲಿ ಕೊನೆಯ ಅಕಾರ ಉದುರುತ್ತದೆ, ರಾಮ ರಾಮ್ ಆಗುತ್ತಾನೆ. ಆ ಪ್ರಭಾವ ನಮ್ಮಲ್ಲಿಯೂ ಬಂದು ರಮೇಶ, ಸುರೇಶ, ಗಣೇಶರು ರಮೇಶ್, ಸುರೇಶ್, ಗಣೇಶ್ ಆದರು. ಆದರೆ ವಿಭಕ್ತಿ ಹತ್ತಿದೊಡನೆ ಕನ್ನಡ ತನ್ನ ಸ್ವರವನ್ನು ಮತ್ತೆ ಕೇಳುತ್ತದೆ. ರಮೇಶನಿಗೆ, ರಮೇಶನಿಂದ ಎನ್ನುವಾಗ ಉದುರಿದ ಅಕಾರ ಮರಳಿ ಬರುತ್ತದೆ. ಇಂಗ್ಲಿಷಿನಲ್ಲಿ ಓದುವವರು ಇದಕ್ಕೆ ವಿರುದ್ಧವಾಗಿ ಅದೇ ಅಕಾರವನ್ನು ಎಳೆದುಬಿಡುತ್ತಾರೆ. ಆಗ ಕೃಷ್ಣ ಕೃಷ್ಣಾ ಆಗುತ್ತಾನೆ. ಕೃಷ್ಣ ಎಂದರೆ ದೇವಕಿಯ ಮಗ. ಕೃಷ್ಣಾ ಎಂದರೆ ದ್ರೌಪದಿ, ಅಥವಾ ನಮ್ಮ ನಾಡಿನ ನದಿ. ಶಿವ ಎಂದರೆ ಪರಮೇಶ್ವರ, ಶಿವಾ ಎಂದರೆ ಪಾರ್ವತಿ. ಇಂದ್ರಶತ್ರುವಿನ ಕಥೆಯಲ್ಲಿ ಸ್ವರ ತಪ್ಪಿ ಅರ್ಥ ತಲೆಕೆಳಗಾದಂತೆ, ಇಲ್ಲಿ ಒಂದು ಮಾತ್ರೆ ಹೆಚ್ಚಾಗಿ ವ್ಯಕ್ತಿಯೇ ಬದಲಾದ. ಮಾಲಾ ಎಂಬ ಸೊಗಸಾದ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದು, ಕನ್ನಡ ಬಲ್ಲವರೊಬ್ಬರು ಎರಡೂ ದೀರ್ಘಗಳನ್ನು ಬಿಟ್ಟು ಓದಿದರೆ ಏನಾಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟು: ಹೆಸರಿನ ಉಚ್ಚಾರಣೆ ಬದಲಾಗುವುದರಲ್ಲಿ ಎರಡು ಬಗೆಯಿದೆ. ಅಸೋಕ, ಕ್ರಿತಿ, ಪ್ರದ್ನ್ಯಾ ಇವೆಲ್ಲ ಮೊದಲನೆಯ ಬಗೆ. ಇಲ್ಲಿ ದನಿ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ನುಡಿಯುವವರ ನಾಡಿನ ಮಣ್ಣು ಹೆಸರಿಗೆ ಅಂಟಿಕೊಳ್ಳುತ್ತದೆ, ಅಷ್ಟೆ. ಕೃಷ್ಣ ಕೃಷ್ಣಾ ಆಗುವುದು, ಮಾಲಾ ಬೇರೇನೋ ಆಗುವುದು ಎರಡನೆಯ ಬಗೆ. ಇಲ್ಲಿ ಪದವೇ ಇನ್ನೊಂದಾಗುತ್ತದೆ. ಮೊದಲನೆಯದಕ್ಕೆ ಅಂಜಬೇಕಾಗಿಲ್ಲ, ಎರಡನೆಯದನ್ನು ಕುರಿತು ಯೋಚಿಸಬೇಕು.

ಮೂರನೆಯದೊಂದು ಬಗೆಯೂ ಇದೆ. ಅದನ್ನು ಕಂಡದ್ದು ಶಾಲೆಯಲ್ಲಿ. ಅಕ್ಷರ ಬಾರದ ತಂದೆ ಮಗುವನ್ನು ಕರೆದುಕೊಂಡು ಬಂದು ದಾಖಲಾತಿಗೆ ನಿಲ್ಲುತ್ತಿದ್ದ ಕಾಲ ನನ್ನ ವೃತ್ತಿಯ ಮೊದಲ ವರ್ಷಗಳದ್ದು. ಹುಟ್ಟಿದ ದಿನ ತಿಳಿಯದಿದ್ದರೆ ಜೂನ್ ತಿಂಗಳ ಯಾವುದೋ ತಾರೀಖನ್ನು ಅಂದಾಜಿನಲ್ಲಿ ಬರೆಯುತ್ತಿದ್ದಂತೆ, ಹೆಸರನ್ನೂ ಬರೆಯುವವರು ತಮಗೆ ತೋಚಿದಂತೆ ಬರೆಯುವುದಿತ್ತು. ತಂದೆ ಯಂಕ ಎಂದರೆ ಪುಸ್ತಕದಲ್ಲಿ ವೆಂಕಟೇಶ, ಬೈರ ಎಂದರೆ ಭೈರವಮೂರ್ತಿ, ಲಕ್ಕಿ ಎಂದರೆ ಲಕ್ಷ್ಮೀದೇವಿ. ಕೆಲವು ತಂದೆಯರು ಅದರಿಂದ ಹಿಗ್ಗುತ್ತಿದ್ದರು. ತಮಗೆ ದೊರೆಯದ ಗೌರವ ಮಗುವಿನ ಹೆಸರಿಗಾದರೂ ದೊರೆಯಿತು ಎಂಬ ಸಂತೋಷ ಅದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮಾರನೆಯ ದಿನ ಹಾಜರಿ ಕರೆಯುವಾಗ ಆ ದೊಡ್ಡ ಹೆಸರನ್ನು ಕೇಳಿ, ಅದು ತನ್ನದೆಂದು ತಿಳಿಯದೆ, ಮಗು ಸುಮ್ಮನೆ ಕುಳಿತಿರುತ್ತಿತ್ತು. ಪಕ್ಕದವರು ತಿವಿದ ಮೇಲೆ "ಹಾಜರ್ ಸಾರ್" ಎನ್ನುತ್ತಿತ್ತು. ಒಬ್ಬ ಹುಡುಗಿ ಇದ್ದಳು. ಪುಸ್ತಕದಲ್ಲಿ ಯಶೋದಾ, ಮನೆಯಲ್ಲಿ ಎಸೋದೆ. ಯಶೋದಾ ಎಂದು ಕರೆದಾಗ ತಲೆ ತಗ್ಗಿಸುತ್ತಿದ್ದ ಆ ಮಗು, ಎಸೋದೆ ಎಂದು ಕರೆದ ದಿನ ತಲೆಯೆತ್ತಿ ನಕ್ಕಿತು. ಇಡೀ ತರಗತಿಯೂ ನಕ್ಕಿತು. ಮಗುವಿನ ನಗೆಯೂ ತರಗತಿಯ ನಗೆಯೂ ಒಂದೇ ಆಗಿರಲಿಲ್ಲ. ತರಗತಿಯ ನಗೆಯನ್ನು ನಿಲ್ಲಿಸಲು ಆ ವರ್ಷ ಮಸ್ಕಿಯ ಪಾಠವನ್ನು ಅಸೋಕ ಎಂಬ ಹೆಸರಿನಿಂದಲೇ ಆರಂಭಿಸಿದೆ.

ನಾಲಿಗೆ ತಿರುಗದಿರುವುದು ಬೇರೆ, ಮನಸ್ಸು ತಿರುಗದಿರುವುದು ಬೇರೆ. ಒಬ್ಬರ ಹೆಸರನ್ನು ನುಡಿಯಲು ಪ್ರಯತ್ನಿಸಿ, ತನ್ನ ನಾಡಿನ ದನಿಯಲ್ಲಿ ನುಡಿದವನು ತಪ್ಪು ಮಾಡಿದವನಲ್ಲ. "ಇಂಥ ಹೆಸರೆಲ್ಲ ನನಗೆ ಬರುವುದಿಲ್ಲ, ಚಿಕ್ಕದಾಗಿ ಏನಾದರೂ ಹೇಳು" ಎಂದು ಕಚೇರಿಯ ಮೇಜಿನ ಆಚೆಯಿಂದಲೋ ಹೊರದೇಶದ ತರಗತಿಯಲ್ಲೋ ಹೇಳುವವನು, ಪ್ಲುತದ ಗೌರವ ಇವನಿಗೆ ಬೇಡ ಎಂದ ಆ ಹಳೆಯ ನಿಬಂಧನೆಯನ್ನೇ ಹೊಸ ಮಾತಿನಲ್ಲಿ ಹೇಳುತ್ತಿದ್ದಾನೆ.

ಇಷ್ಟೆಲ್ಲ ಹೇಳಿದ ಮೇಲೆ ಹೆಸರನ್ನು ಆರಿಸುವವರಿಗೆ ನನ್ನ ಸಲಹೆಗಳು ಕೆಲವೇ. ಹೆಸರನ್ನು ಗಟ್ಟಿ ಮಾಡುವ ಮೊದಲು ಅದನ್ನು ದಿನವೂ ಕರೆಯುವವರ ಬಾಯಲ್ಲಿ ನುಡಿಸಿ ನೋಡಿ. ಅಜ್ಜಿ ಹೇಳಲಿ, ಮನೆಗೆಲಸದಾಕೆ ಹೇಳಲಿ, ಬೀಗರ ಮನೆಯವರು ಹೇಳಲಿ. ಅಂಗಳದಲ್ಲಿ ನಿಂತು ದೂರಕ್ಕೆ ಒಮ್ಮೆ ಕೂಗಿಯೂ ನೋಡಿ, ಪಾಣಿನಿಯ ಪರೀಕ್ಷೆ ಅದು. ದನಿ ಮಾತ್ರ ಬದಲಾದರೆ ಧೈರ್ಯವಾಗಿ ಇಡಿ. ಪದವೇ ಬೇರೆಯಾಗುವುದಾದರೆ ಇನ್ನೊಮ್ಮೆ ಯೋಚಿಸಿ.

ಬರೆಹದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. 2023ರಲ್ಲಿ ಜನನ ಮರಣ ನೋಂದಣಿಯ ಕಾಯಿದೆಗೆ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಮೊದಲಾದುವಕ್ಕೆ ಜನನ ಪ್ರಮಾಣಪತ್ರವೇ ಆಧಾರವಾಗಿದೆ. ಹಿಂದೆ ಮೇಷ್ಟರ ಲೇಖನಿಗೆ ಇದ್ದ ಅಧಿಕಾರ ಈಗ ಆ ಪತ್ರಕ್ಕೆ ಬಂದಿದೆ. ಹೆಸರು ನಿಶ್ಚಯವಾಗದಿದ್ದರೆ ಅವಸರಪಡಬೇಕಾಗಿಲ್ಲ. ಮೊದಲು ಜನನವನ್ನು ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ರೋಮನ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕೆಂಬುದನ್ನು ಮನೆಯವರೆಲ್ಲ ಕುಳಿತು ಒಮ್ಮೆ ತೀರ್ಮಾನಿಸಿ, ಎಲ್ಲ ಕಡೆಯೂ ಅದನ್ನೇ ಬಳಸಿ. ಬೆಂಗಳೂರು, ಮೈಸೂರು ಸೇರಿದಂತೆ ನಮ್ಮ ಹನ್ನೆರಡು ಊರುಗಳು 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿಯೂ ಕನ್ನಡದ ಹೆಸರನ್ನೇ ಪಡೆದುವು. ಅದಕ್ಕಾಗಿ ಸರಕಾರಗಳೇ ಓಡಾಡಿದುವು. ಒಂದು ಮಗುವಿನ ಒಂದು ಅಕ್ಷರವನ್ನು ತಿದ್ದಿಸಲು ಅದರ ತಂದೆತಾಯಿಗಳೇ ಓಡಾಡಬೇಕು.

ಕೊನೆಯ ಮಾತು ಮಗುವಿಗೆ ಸೇರಿದ್ದು. ಹೆಸರನ್ನು ಇಡುವ ಹಕ್ಕು ಹಿರಿಯರದು, ಅದನ್ನು ಹೇಗೆ ನುಡಿಯಬೇಕೆಂದು ಹೇಳುವ ಹಕ್ಕು ಅದನ್ನು ಹೊತ್ತು ಬಾಳುವವರದು. ಐದಾರು ವರ್ಷದ ಮಗು "ನನ್ನ ಹೆಸರು ಹೀಗೆ" ಎಂದು ಹೇಳಿದರೆ, ಸಂಸ್ಕೃತವೂ ವ್ಯಾಕರಣವೂ ಏನೇ ಹೇಳಲಿ, ಆ ಉಚ್ಚಾರಣೆಯೇ ನಮಗೆ ಪ್ರಮಾಣ. ಅದೇ ಹೊತ್ತಿಗೆ, ಅಜ್ಜಿ ಬೇರೆ ದನಿಯಲ್ಲಿ ಕರೆದರೂ ಓಗೊಡುವುದನ್ನು ಮಗುವಿಗೆ ಕಲಿಸಿ. ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳುವ ಧೈರ್ಯ, ಬೇರೆಯ ನಾಲಿಗೆಯನ್ನು ಕಂಡು ನಗದಿರುವ ದೊಡ್ಡತನ ಎರಡೂ ಅದಕ್ಕೆ ಬರಲಿ. ಆದ್ದರಿಂದ ಕೃತಿ ಎಂದೂ ಇಡಿ, ಪ್ರಜ್ಞಾ ಎಂದೂ ಇಡಿ. ಮುಂದೆ ನೀವು ಊರಿಗೆ ಬಂದಾಗ ಕೂಸುಗಳನ್ನೂ ಕರೆತನ್ನಿ. ಅವರ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಕಲಿತುಕೊಳ್ಳುತ್ತೇನೆ.